ಒಂದನೆಯ ಗುಂಡಿ

ಮೂವತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಗಂಡ ನನ್ನ ಜೊತೆ ಆಡಿದ ಮಾತನ್ನೆಲ್ಲ ಬರೆದಿಟ್ಟಿದ್ದರೆ ನೂರು ಪುಟದ ಒಂದು ನೋಟ್‌ಬುಕ್ಕೂ ತುಂಬುತ್ತಿರಲಿಲ್ಲ. ‘ಹೂಂ’, ‘ಆಯ್ತು’, ‘ಎಲ್ಲಿಟ್ಟೆ?’ ಇಷ್ಟರಲ್ಲೇ ಬದುಕು ಸಾಗಿಸಿದ ಮನುಷ್ಯ. ದೇವರು ಬಾಯನ್ನೆಲ್ಲ ನಿನಗೆ ಕೊಟ್ಟು ಕೈಯನ್ನೆಲ್ಲ ಅಳಿಯಂದಿರಿಗೆ ಕೊಟ್ಟುಬಿಟ್ಟ ಎಂದು ನನ್ನಮ್ಮ ನಗುತ್ತಿದ್ದಳು. ಸುಳ್ಳಲ್ಲ. ಶಾಲೆಯ ಸಮವಸ್ತ್ರ ಹೊಲಿಯುವ ನನ್ನ ಬಾಯಿಗೆ ಬೀದಿಯೇ ಹೆದರುತ್ತದೆ. ಅವರ ಕೈ ಎಂಥದ್ದು ಅಂತೀರಿ! ಪಂಪಿನ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಮುಂದೆ ನಿಂತವರು. ಅಳತೆಯಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಆ ತುಂಡನ್ನು ತೆಗೆದು ಮೂಲೆಯ ತೊಟ್ಟಿಗೆ ಎಸೆಯುತ್ತಿದ್ದರು. ಅದಕ್ಕೇ ಅಲ್ಲಿ ಅವರ ಹೆಸರು ಕೂದಲೆಳೆ ಎಂದೇ ಆಗಿಹೋಯಿತು. ಸಂಬಳದ ಚೀಟಿ ತಂದುಕೊಡುವ ಗುಮಾಸ್ತನೂ ಹಾಗೇ ಕರೆಯುತ್ತಿದ್ದ.

ಆ ಕೈಗೆ ಒಂದು ಹುಚ್ಚಿತ್ತು, ಹವ್ಯಾಸಿ ರೇಡಿಯೊ. ಅದರಲ್ಲೂ ಬಾಯಿಬಿಟ್ಟು ಮಾತಾಡುವ ರೇಡಿಯೊ ಅಲ್ಲ, ಹಾಗಿದ್ದಿದ್ದರೆ ಇವರು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಮೋರ್ಸ್. ಚುಕ್ಕೆ, ಗೆರೆ, ಚುಕ್ಕೆ. ಅಡುಗೆಮನೆಗೆ ಅಂಟಿಕೊಂಡು ಒಂದು ಸಣ್ಣ ಉಗ್ರಾಣವಿತ್ತು. ಮದುವೆಯಾದ ಎರಡನೇ ವರ್ಷ ನನ್ನ ಡಬ್ಬಿಗಳನ್ನೆಲ್ಲ ಹೊರಗೆ ಸಾಗಿಸಿ ಅಲ್ಲೊಂದು ಮೇಜು, ಅದರ ಮೇಲೊಂದು ರೇಡಿಯೊ ಪೆಟ್ಟಿಗೆ, ಪೆಟ್ಟಿಗೆಯಿಂದ ತಾರಸಿಗೆ ಒಂದು ತಂತಿ. ಹೆಡ್‌ಫೋನ್ ಹಾಕಿದರೆ ಕಿವಿ ಬೆವರುತ್ತದೆ ಎಂದು ಸ್ಪೀಕರಿನಲ್ಲೇ ಕೇಳುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಶುರುವಾದರೆ ಏಳು ಗಂಟೆಯವರೆಗೂ ನನ್ನ ಹಾಲಿನ ಪಾತ್ರೆಯ ಪಕ್ಕದ ಗೋಡೆಯೊಳಗೆ ಮರಕುಟಿಗ ಹೊಕ್ಕ ಹಾಗೆ ಸದ್ದು.

ಮೇಜಿನ ಮೇಲೆ ಎರಡು ಬಗೆಯ ಕೀ ಇದ್ದವು. ಒಂದು ಹಳೆಯದು, ಮೇಲೆ ಕೆಳಗೆ ಒತ್ತುವಂಥದ್ದು. ಚುಕ್ಕೆಯೂ ಗೆರೆಯೂ ನಮ್ಮ ಮಣಿಕಟ್ಟಿನಿಂದಲೇ ಹುಟ್ಟಬೇಕು. ಇನ್ನೊಂದು ಪ್ಯಾಡಲ್, ಅಡ್ಡಡ್ಡ ಆಡುವ ಎರಡು ಪುಟ್ಟ ರೆಕ್ಕೆ. ಹೆಬ್ಬೆರಳಿಂದ ಒಂದನ್ನು ಮುಟ್ಟಿದರೆ ಚುಕ್ಕೆ, ತೋರುಬೆರಳಿಂದ ಇನ್ನೊಂದನ್ನು ಮುಟ್ಟಿದರೆ ಗೆರೆ. ಅದರ ತಂತಿ ಹೋಗಿ ಸೇರುವ ಕೀಯರ್ ಎಂಬ ಡಬ್ಬಿ ಆ ಚುಕ್ಕೆ ಗೆರೆಗಳನ್ನು ತಾನೇ ಅಳತೆಗೆ ಕತ್ತರಿಸಿ ಕಳಿಸುತ್ತದೆ. ಯಾರು ಒತ್ತಿದರೂ ಸದ್ದು ಒಂದೇ. ಹಿತ್ತಾಳೆಯಲ್ಲಿ ಪ್ಯಾಡಲ್ ಮಾಡುವುದರಲ್ಲಿ ಇವರದು ಎತ್ತಿದ ಕೈ. ರೆಕ್ಕೆಗೂ ಅದು ತಾಗುವ ಮೊಳೆಗೂ ನಡುವೆ ಒಂದು ತೆಳು ಕಾಗದ ತೂರಿಸಿ, ಅದು ತಡೆದೂ ತಡೆಯದ ಹಾಗೆ ಜಾರಬೇಕು ಎನ್ನುತ್ತಿದ್ದರು. ಊರೂರಿನ ರೇಡಿಯೊದವರು ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಆದರೆ ಬೆಳಗಿನ ಆರೂವರೆಗೆ ಮಾತ್ರ ಇವರು ಮುಟ್ಟುತ್ತಿದ್ದುದು ಆ ಹಳೆಯ ಕೀಯನ್ನೇ.

ಯಾಕೆಂದರೆ ಆ ಹೊತ್ತಿಗೆ ಬರುತ್ತಿದ್ದವನು ಬೆರಳಣ್ಣ. ಆ ಹೆಸರು ನಾನಿಟ್ಟದ್ದು. ಎರಡು ದೇಶಗಳಾಚೆ ಒಂದು ಗುಡ್ಡದ ಊರಲ್ಲಿ ಒಬ್ಬನೇ ಇರುವ ಮುದುಕ, ಹಿಂದೆ ಪಿಯಾನೊ ಶ್ರುತಿ ಮಾಡುತ್ತಿದ್ದವನು, ನಲವತ್ತರ ಹರೆಯದಲ್ಲಿ ಎರಡೂ ಕಿವಿ ಹೋಗಿತ್ತು. ಸ್ಪೀಕರಿನ ಮೇಲೆ ನಾಲ್ಕು ಬೆರಳಿಟ್ಟು ಅದರ ಅದುರುವಿಕೆಯಲ್ಲೇ ಮೋರ್ಸ್ ಓದುತ್ತಿದ್ದ. ಕಂಪ್ಯೂಟರ್ ಎಂದರೆ ಇಬ್ಬರಿಗೂ ಆಗದು, ಕಿವುಡನ ಮನೆಗೆ ಫೋನು ಯಾತಕ್ಕೆ. ಇದ್ದದ್ದು ಈ ಅರ್ಧ ಗಂಟೆ. ಯಂತ್ರದ ಚುಕ್ಕೆಗಳು ಬೆರಳಿಗೆ ಸಪ್ಪೆ, ನೀನು ಕೈಯಿಂದಲೇ ಕಳಿಸು ಎಂದು ಆತ ಮೊದಲ ದಿನವೇ ಕೇಳಿಕೊಂಡಿದ್ದ. ಇವರು ಗಾಳಿಯ ಮೇಲಿನ ತಮ್ಮ ಹೆಸರನ್ನು, ಅಂದರೆ ಕಾಲ್‌ಸೈನನ್ನು ಕಳಿಸುವಾಗ ಮೂರನೆಯ ಅಕ್ಷರದ ನಂತರ ಒಂದು ಉಸಿರಿನಷ್ಟು ನಿಲ್ಲುತ್ತಿದ್ದರು. ‘ಅಲ್ಲೇನು ಚಹಾ ಕುಡಿಯುತ್ತೀಯಾ?’ ಎಂದು ಆತ ಛೇಡಿಸುತ್ತಿದ್ದ. ಕೊನೆಗೆ ಇವರು ಎರಡು ಚುಕ್ಕೆ ಹಾಕುವುದು, ಆತ ಎರಡು ಚುಕ್ಕೆ ಹಾಕುವುದು. ಬಾಗಿಲು ಮುಂದೆ ಮಾಡಿಕೊಂಡು ಹೋದ ಹಾಗೆ.

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿ. ಕದ್ದು ಕಲಿತೆ. ಮನೆಯವಳ ಹತ್ತಿರ ಮೂರು ಮಾತಾಡದ ಗಂಡ ಗೋಡೆಯಾಚೆ ಅರ್ಧ ಗಂಟೆ ಅದೇನು ಹರಟುತ್ತಾನೆ, ನನ್ನ ಮೇಲೆ ಚಾಡಿ ಹೇಳುತ್ತಾನೋ ಏನೋ ಎಂಬ ಹೊಟ್ಟೆಯುರಿ. ಇವರು ಕೆಲಸಕ್ಕೆ ಹೋದಾಗ ಆ ಕೋಣೆಯ ಬಾಗಿಲ ಹಿಂದೆ ಅಂಟಿಸಿದ್ದ ಅಕ್ಷರಪಟ್ಟಿಯನ್ನು ಬಾಯಿಪಾಠ ಮಾಡಿದೆ. ಕೇಳುವುದು ಮಾತ್ರ ಬಂತು, ಕಳಿಸುವುದನ್ನು ಯಾರ ಮೇಲೆ ಕಲಿಯಲಿ? ಇಂಗ್ಲಿಷು ಶಾಲೆಯಲ್ಲಿ ಕಲಿತಷ್ಟು ಸಾಕಾಯಿತು, ಅವರದೂ ತುಂಡು ತುಂಡು ಇಂಗ್ಲಿಷೇ. ಒಂದೂವರೆ ವರ್ಷ ಹಿಡಿಯಿತು. ಪೂರ್ತಿಯಾಗಿ ನನ್ನ ಕಿವಿಗೆ ಸಿಕ್ಕ ಮೊದಲ ವಾಕ್ಯ, ‘ನನ್ನ ಹೆಂಡತಿ ಚಹಾ ಚೆನ್ನಾಗಿ ಮಾಡುತ್ತಾಳೆ.’ ನನ್ನೆದುರು ಒಂದು ದಿನ ಹೇಳಿದ್ದರೆ ಕೇಳಿ! ಉಕ್ಕುತ್ತಿದ್ದ ಹಾಲನ್ನು ಇಳಿಸುವುದೂ ಮರೆತು ನಿಂತಿದ್ದೆ. ನನಗೆ ಬರುತ್ತದೆ ಎಂದು ಹೇಳಲಿಲ್ಲ. ಹೇಳಿದರೆ ಮಾರನೆಯ ದಿನದಿಂದ ಹೆಡ್‌ಫೋನ್ ಏರುತ್ತಿತ್ತು.

ಹಾಗಾಗಿ ಕೈ ನಡುಗುತ್ತಿರುವ ವಿಷಯವೂ ನನಗೆ ಗೋಡೆಯಿಂದಲೇ ತಿಳಿಯಿತು. ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕಾರ್ಖಾನೆ ಬಿಟ್ಟು ಬಂದರು. ಯಾಕ್ರೀ ಎಂದರೆ ‘ಸಾಕಾಯ್ತು’ ಎಂದರು, ಅಷ್ಟೇ. ಮಾರನೆಯ ದಿನ ಬೆಳಿಗ್ಗೆ ಬೆರಳಣ್ಣನಿಗೆ ಹೇಳಿದರು: ‘ತೊಟ್ಟಿಯಲ್ಲಿ ಬಿದ್ದಿರುವುದೆಲ್ಲ ನಾನು ಮಾಡಿದ ತುಂಡುಗಳೇ. ನಾನೇ ಎಸೆದೆ. ಡಾಕ್ಟರು ನರದ ಕಾಯಿಲೆ ಎಂದರು, ವಾಸಿಯಾಗುವುದಿಲ್ಲವಂತೆ. ಮನೆಯಲ್ಲಿ ಹೇಳಿಲ್ಲ.’ ನಾನು ಗೋಡೆಗೆ ಹಣೆಯಿಟ್ಟು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಆಮೇಲೆ ಚಹಾ ತೆಗೆದುಕೊಂಡು ಹೋಗಿ, ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸಿ, ಏನೂ ಗೊತ್ತಿಲ್ಲದವಳ ಹಾಗೆ ಇಟ್ಟುಬಂದೆ. ಅವತ್ತಿನಿಂದ ಮುಕ್ಕಾಲೇ. ಯಾಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೈ ಕೆಡುತ್ತಾ ಬಂತು. ಸುಮ್ಮನೆ ಕೂರುವ ಜಾತಿಯೇ ಅದು? ಬೇರೆಯವರ ಜೊತೆ ಮಾತಾಡಲಾದರೂ ಇರಲಿ ಎಂದು ನಡುಗುವ ಕೈಗೆ ಹೊಂದುವ ಪ್ಯಾಡಲ್ ಮಾಡಲು ಹೊರಟರು. ಹೆಬ್ಬೆರಳು ಒಮ್ಮೆ ಸವರಿದರೆ ಮೂರು ಚುಕ್ಕೆ ಹೋಗುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದರು, ಬೆರಳು ನೊಂದಿತು. ರೆಕ್ಕೆ ದೂರ ಸರಿಸಿದರು, ಕೈ ಮುಟ್ಟುವಷ್ಟರಲ್ಲಿ ಅಕ್ಷರ ಮುಗಿದಿರುತ್ತಿತ್ತು. ನನ್ನ ಹತ್ತಿರ ದಪ್ಪ ಬಟ್ಟೆಯ ಚೀಲ ಹೊಲಿಸಿಕೊಂಡು, ಮರಳು ತುಂಬಿ ಮಣಿಕಟ್ಟಿಗೆ ಕಟ್ಟಿಕೊಂಡರು. ‘ಇದ್ಯಾತಕ್ರೀ?’ ಎಂದರೆ ‘ಕೆಲಸ ಇದೆ’. ಒಂದಾದ ಮೇಲೊಂದು ಐದು ಪ್ಯಾಡಲ್ ಕಪಾಟಿನಲ್ಲಿ ಸಾಲಾಗಿ ಕೂತವು. ಐದನೆಯದಕ್ಕೆ ತಿರುಪು ಕೂರಿಸಲು ಇವರಿಗೆ ಎರಡು ದಿನ ಹಿಡಿಯಿತು, ಮೊದಲಾದರೆ ಎರಡು ನಿಮಿಷದ ಕೆಲಸ. ತಿರುಪು ನೆಲಕ್ಕೆ ಬೀಳುವುದು, ಇವರು ಮೊಣಕಾಲೂರಿ ಹುಡುಕುವುದು, ಮತ್ತೆ ಬೀಳುವುದು. ನಾನು ಒಳಗೆ ಹೊಲಿಗೆ ಯಂತ್ರ ಜೋರಾಗಿ ತುಳಿಯುತ್ತಿದ್ದೆ, ನನಗೆ ಕೇಳಿಸಿತು ಎಂದು ಅವರಿಗೆ ಅನಿಸಬಾರದಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಬೆರಳಣ್ಣ ಒಂದೇ ಮಾತನ್ನು ನಾಲ್ಕು ಸಲ ತಿರುಗಿ ಕೇಳಿದ. ನಾಲ್ಕನೇ ಸಲವೂ ತಿಳಿಯದೆ, ‘ಇರಲಿ ಬಿಡು’ ಎಂದ. ಪಾಪ, ಪ್ರೀತಿಯಿಂದಲೇ ಅಂದದ್ದು. ಆದರೆ ಇಪ್ಪತ್ತೆಂಟು ವರ್ಷ ತಪ್ಪು ತುಂಡನ್ನು ತೊಟ್ಟಿಗೆಸೆದ ಮನುಷ್ಯನಿಗೆ ಅದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮಾರನೆಯ ದಿನ ರೇಡಿಯೊ ಹಾಕಿದರು, ಕೀ ಮುಟ್ಟಲಿಲ್ಲ. ಬೆರಳಣ್ಣ ಕೂಗಿದ. ಕೂಗಿ ಕೂಗಿ, ‘ಎಲ್ಲಿದ್ದೀಯಾ? ಎಲ್ಲಿದ್ದೀಯಾ?’ ಎಂದು ಏಳರವರೆಗೂ ಕೂಗಿದ. ಇವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಾ ಕೂತರು. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಮುಸುಕೆಳೆದುಕೊಂಡು ಏಳಲೇ ಇಲ್ಲ.

‘ಏನ್ರೀ, ಆರೂವರೆ ಆಯ್ತು.’

‘ಆಗ್ಲಿ.’

‘ಏಳಲ್ವಾ?’

‘ಯಾತಕ್ಕೆ ಏಳ್ಬೇಕು, ಹೇಳು.’

ಆ ಅರ್ಧ ಗಂಟೆ ಹೋದರೆ ಈ ಮನುಷ್ಯನಿಗೆ ಹಾಸಿಗೆ ಬಿಟ್ಟೇಳಲು ಏನೂ ಉಳಿಯುವುದಿಲ್ಲ. ನಾನು ಸೀದಾ ಉಗ್ರಾಣಕ್ಕೆ ಹೋಗಿ ರೇಡಿಯೊ ಹಾಕಿದೆ. ಬೆರಳಣ್ಣ ಕೂಗುತ್ತಿದ್ದ. ಕೀಯರ್ ಡಬ್ಬಿಯ ಮೇಲೆ ನಾಲ್ಕು ಗುಂಡಿಗಳಿವೆ. ಮೊದಲೇ ತುಂಬಿಸಿಟ್ಟ ಮಾತನ್ನು ಒಂದೇ ಒತ್ತಿಗೆ ತಾನೇ ಕಳಿಸುವ ಗುಂಡಿಗಳು ಅವು. ಮೊದಲನೆಯದರಲ್ಲಿ ಇವರ ಕಾಲ್‌ಸೈನೂ ಬೆರಳಣ್ಣನದೂ ಇವೆ ಎಂದು ನನಗೆ ಗೊತ್ತಿತ್ತು, ತುಂಬಿಸಿ ಪರೀಕ್ಷೆ ಮಾಡುವಾಗ ಗೋಡೆಯಾಚೆ ಕೇಳಿದ್ದೆ. ಇದ್ದಾರೆ, ಹೋಗಿಲ್ಲ ಎಂದಷ್ಟೇ ಆತನಿಗೆ ತಿಳಿದರೆ ಸಾಕು, ನಾಳೆ ಹೇಗಾದರೂ ಇವರನ್ನು ಎಬ್ಬಿಸಿ ಕೂರಿಸುತ್ತೇನೆ ಎಂದುಕೊಂಡು ಒತ್ತಿದೆ.

ಹೋಯಿತು. ಒಂದು ಚುಕ್ಕೆಯೂ ಆಚೀಚೆಯಾಗದೆ, ಅಚ್ಚು ಹಾಕಿದ ಹಾಗೆ, ಮೂರು ಸಲ ಆತನ ಹೆಸರು, ಮೂರು ಸಲ ಇವರ ಹೆಸರು.

ಆ ಕಡೆ ಸದ್ದಿಲ್ಲ. ಆಮೇಲೆ ಬೆರಳಣ್ಣ ಇವರ ಕಾಲ್‌ಸೈನನ್ನು ಒಂದೇ ಒಂದು ಸಲ ಕಳಿಸಿದ, ತೀರಾ ನಿಧಾನವಾಗಿ. ಮತ್ತೆ ಸುಮ್ಮನಾದ. ಒಂದು ನಿಮಿಷ ಗಾಳಿಯ ಸದ್ದು ಮಾತ್ರ. ಈ ರೇಡಿಯೊದವರಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರು ಹೀಗೇ ಮಾಡುವುದು: ಹೆಸರು ಒಮ್ಮೆ, ಆಮೇಲೆ ಒಂದು ನಿಮಿಷ ಖಾಲಿ. ಇಷ್ಟು ವರ್ಷದಲ್ಲಿ ಗೋಡೆಯಾಚೆ ಹತ್ತಾರು ಸಲ ಕೇಳಿದ್ದೇನೆ. ಬಿಡ್ತು ಅನ್ನಿ! ಒಳಗೆ ಮಂಚದ ಮೇಲೆ ಕೆಮ್ಮುತ್ತಾ ಬಿದ್ದಿರುವ ಗಂಡನ ಅಂತ್ಯಕ್ರಿಯೆಯನ್ನು ನಾನು ನಿಂತುಕೊಂಡು ಕೇಳಿಸಿಕೊಂಡೆ. ‘ಹೋಗಿ ಬಾ ಗೆಳೆಯಾ. ಇಂದಿಗೆ ನಾನೂ ಮುಚ್ಚುತ್ತೇನೆ’ ಎಂದ ಬೆರಳಣ್ಣ. ಎರಡು ಚುಕ್ಕೆ ಹಾಕಿದ. ಕಾದ.

ಎರಡೇ ಎರಡು ಚುಕ್ಕೆ. ಅಷ್ಟು ಹಾಕಿದ್ದರೆ ಸಾಕಿತ್ತು. ನಾನು ಗಡಬಡಿಸಿ ಪ್ಯಾಡಲಿನ ರೆಕ್ಕೆ ಹಿಡಿದೆ, ಹಿಡಿದದ್ದನ್ನು ಬಿಡಲು ತಿಳಿಯಲಿಲ್ಲ, ಹಿಡಿದಷ್ಟು ಹೊತ್ತೂ ಆ ಹಾಳು ಡಬ್ಬಿ ಸರಸರನೆ ಚುಕ್ಕೆಗಳನ್ನು ಸುರಿಯಿತು. ಬಿಟ್ಟು ಕೇಳುವಷ್ಟರಲ್ಲಿ ಆ ಕಡೆ ಯಾರೂ ಇಲ್ಲ.

ಎಂಟು ಗಂಟೆಗೆ ಇವರು ಎದ್ದು ಬಂದರು. ನಾನಿನ್ನೂ ಅವರ ಕುರ್ಚಿಯಲ್ಲೇ ಇದ್ದೆ.

‘ಇಲ್ಲೇನು ಮಾಡ್ತಿದೀಯಾ?’

ಬೀದಿಗೆಲ್ಲ ಉತ್ತರ ಕೊಡುವ ನನ್ನ ಬಾಯಿ ಅವತ್ತು ಕೈಕೊಟ್ಟಿತು. ಸದ್ದು ಗಾಳಿಗೆ ಹೋಗದ ಹಾಗೆ ರೇಡಿಯೊದ ಸ್ವಿಚ್ಚು ತಿರುಗಿಸಿ, ಹಳೆಯ ಕೀ ಹಿಡಿದು ಕುಟ್ಟಿದೆ. ಎಂಟು ಚುಕ್ಕೆ. ಮೋರ್ಸಿನಲ್ಲಿ ಎಂಟು ಚುಕ್ಕೆಯೆಂದರೆ ತಪ್ಪಾಯಿತು, ಅಳಿಸಿಬಿಡಿ ಎಂದರ್ಥ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಮತ್ತೆ ಎಂಟು ಕುಟ್ಟಿದೆ.

‘ನಿಂಗೆ... ನಿಂಗಿದು ಬರುತ್ತಾ?’

‘ಇಪ್ಪತ್ತೇಳು ವರ್ಷದಿಂದ ಬರುತ್ತೆ.’

‘ಎಲ್ಲಾ ಕೇಳಿಸ್ಕೊಂಡಿದೀಯಾ?’

‘ಎಲ್ಲಾ. ಕೈದೂ, ಡಾಕ್ಟರು ಹೇಳಿದ್ದೂ.’

ಅವರು ಹೊಸ್ತಿಲ ಮೇಲೇ ಕೂತರು. ಇನ್ನು ಮುಚ್ಚಿಡುವುದೇನು, ಗುಂಡಿಯ ವಿಷಯವನ್ನೂ ಹೇಳಿದೆ, ಬೆರಳಣ್ಣ ಮಾಡಿದ್ದನ್ನೂ ಹೇಳಿದೆ. ಅವರು ಎದ್ದು, ಮೇಜಿನ ಡ್ರಾಯರಿನ ಅಡಿಯಿಂದ ಒಂದು ಲಕೋಟೆ ತೆಗೆದು ನನ್ನ ಮಡಿಲಿಗೆ ಎಸೆದರು. ಮೇಲೆ ‘ನಾನು ಹೋದ ಮೇಲೆ’ ಎಂದು ಬರೆದಿತ್ತು. ಒಳಗೆ ನಾಲ್ಕೇ ಸಾಲು, ಅಕ್ಷರ ಆಗಲೇ ಅಂಕುಡೊಂಕು.

‘ಬೆಳಿಗ್ಗೆ ಆರೂವರೆಗೆ ರೇಡಿಯೊ ಹಾಕು. ಕೀಯರಿನ ಒಂದನೆಯ ಗುಂಡಿ ಒತ್ತು. ಅವನಿಗೆ ತಿಳಿಯುತ್ತದೆ, ಮಾತಾಗಿದೆ. ಚಹಾ ಚೆನ್ನಾಗಿರುತ್ತಿತ್ತು.’

ಎರಡು ವರ್ಷದ ಹಿಂದೆ ನಾನು ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದಾಗ ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದವಂತೆ. ಬದುಕಿರುವಷ್ಟು ದಿನ ಕೈ. ಯಂತ್ರದ ಸದ್ದು ಬಂದರೆ ಆ ಮನುಷ್ಯ ಇಲ್ಲ ಎಂದು ತಿಳಿಯುವುದು. ಗೋಡೆಯಾಚೆಯ ಸಾವಿರಾರು ಬೆಳಗುಗಳಲ್ಲಿ ನಾನು ತಪ್ಪಿಸಿಕೊಂಡದ್ದು ಆ ನಲವತ್ತು ಬೆಳಗು ಮಾತ್ರ.

‘ಒಂದ್ಮಾತು ಕೇಳ್ಬಾರ್ದಾಗಿತ್ತಾ ನನ್ನ!’ ಎಂದು ಕೂಗಿದರು. ಅವರು ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

‘ಒಂದ್ಮಾತು ಹೇಳ್ಬಾರ್ದಾಗಿತ್ತಾ ನೀವು!’ ನಾನೂ ಬಿಡಲಿಲ್ಲ. ‘ಎರಡು ದೇಶದಾಚೆಯ ಕಿವುಡನಿಗೆ ಗೊತ್ತು, ಮನೇಲಿರೋ ನಂಗೆ ಲಕೋಟೆ! ಸತ್ತ ಮೇಲೆ ಓದ್ಬೇಕಂತೆ ಚಹಾ ಚೆನ್ನಾಗಿತ್ತು ಅಂತ!’

ಇಬ್ಬರೂ ಅತ್ತೆವು. ಆಮೇಲೆ ನಾನು ಬೆರಳಣ್ಣನ ಹಳೆಯ ಪೋಸ್ಟ್‌ಕಾರ್ಡ್ ಹುಡುಕಿ, ಅದರಲ್ಲಿದ್ದ ವಿಳಾಸಕ್ಕೆ ಕಾಗದ ಬರೆದೆ: ತಪ್ಪು ನನ್ನದು, ಇವರಿದ್ದಾರೆ, ದಯವಿಟ್ಟು ರೇಡಿಯೊ ಹಾಕಿ. ಕೆಳಗೆ ಇವರೂ ಒಂದು ಸಾಲು ಗೀಚಿದರು. ಮಧ್ಯಾಹ್ನವೇ ಅಂಚೆಗೆ ಹಾಕಿದೆ. ಮುಟ್ಟಲು ಮೂರು ವಾರ ಬೇಕು, ಮುಟ್ಟಿದರೆ, ಎಂದ ಅಂಚೆಯವನು.

ಮಾರನೆಯ ಬೆಳಿಗ್ಗೆಯಿಂದ ಇವರು ಕೀ ಹಿಡಿದರು. ನಾಚಿಕೆ ಗೀಚಿಕೆ ಎಲ್ಲ ಬಿಟ್ಟು ಕೂಗಿದರು. ಮರಳಿನ ಚೀಲ ಕಟ್ಟಿಕೊಂಡು, ಎಡಗೈಯಿಂದ ಬಲಗೈ ಒತ್ತಿ ಹಿಡಿದು ಕೂಗಿದರು. ಬೆರಳಣ್ಣ ಇರಲಿಲ್ಲ. ಬೇರೆಯವರು ಉತ್ತರ ಕೊಟ್ಟರು. ಮೊದಲ ದಿನ ಒಬ್ಬ, ‘ಕಲಿತು ಬಾ’ ಎಂದ. ನಾಲ್ಕನೆಯ ದಿನ, ಬೆರಳಣ್ಣನಿಂದ ಸುದ್ದಿ ತಿಳಿದ ಇನ್ನೊಬ್ಬ, ‘ಇದು ಸತ್ತವರ ಹೆಸರು. ನಾಚಿಕೆಯಾಗುವುದಿಲ್ಲವೇ?’ ಎಂದ. ಇವರು ‘ನಾನೇ, ನಾನೇ’ ಎಂದು ಕಳಿಸಲು ಹೋದರೆ ಕೈ ಅದನ್ನೂ ಗಂಜಿ ಮಾಡಿ ಕಳಿಸಿತು. ಆರನೆಯ ದಿನದಿಂದ ಇವರು ಶುರುಮಾಡುತ್ತಿದ್ದಂತೆ ಯಾರೋ ಕೀ ಒತ್ತಿಹಿಡಿದು ಕುಯ್ಯೋ ಎಂದು ಉದ್ದಕ್ಕೆ ಸದ್ದು ಮಾಡುವುದು, ಇವರ ದನಿ ಅದರಡಿ ಮುಚ್ಚಿಹೋಗುವುದು.

ಹನ್ನೊಂದನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟಿರುವ ರೇಡಿಯೊದವರು, ಇವರ ಹತ್ತಿರ ಎರಡು ಪ್ಯಾಡಲ್ ಮಾಡಿಸಿಕೊಂಡವರು, ಅಷ್ಟು ದಿನ ಊರಲ್ಲಿರಲಿಲ್ಲ. ಮುಖ ಜೋಲುಹಾಕಿಕೊಂಡು ನಿಂತಿದ್ದರು.

‘ಅಕ್ಕಾ, ನೆನ್ನೆ ಬಂದೆ, ಈಗ್ಲೇ ಓಡಿ ಬಂದೆ. ಏನಂತ ಹೇಳ್ಲಿ. ಎಂಥ ಕೈ ಅದು! ಇನ್ನೊಂದು ವಿಷ್ಯ, ಬೇಜಾರು ಮಾಡ್ಕೋಬೇಡಿ. ಯಾವನೋ ಪಾಪಿ ಅಣ್ಣನ ಹೆಸರು ಕದ್ದು ದಿನಾ ಬೆಳಿಗ್ಗೆ ಏನೇನೋ ಬಡೀತಿದಾನೆ. ನೀವು ಯೋಚ್ನೆ ಮಾಡ್ಬೇಡಿ, ನಮ್ಮವರೆಲ್ಲ ಸೇರ್ಕೊಂಡು ಅವನ ಬಾಯಿ ಮುಚ್ಚಿಸ್ತಿದಾರೆ. ಇವತ್ತು ನಾನೂ ಹತ್ತು ನಿಮಿಷ ಕೀ ಒತ್ತಿ ಹಿಡಿದೆ.’

ನನ್ನ ಹಿಂದಿನಿಂದ ಇವರು ಬಂದು ನಿಂತರು. ಕನ್ನಡಕದವರ ಬಾಯಿ ತೆರೆದದ್ದು ತೆರೆದೇ ಇತ್ತು. ಇವರು ಬಲಗೈ ಮುಂದೆ ಚಾಚಿ, ಅದು ಗಡಗಡ ಅಲ್ಲಾಡುವುದನ್ನು ಆತ ಸರಿಯಾಗಿ ನೋಡುವಷ್ಟು ಹೊತ್ತು ಹಾಗೇ ಹಿಡಿದಿದ್ದರು. ಆ ದೊಡ್ಡ ಮನುಷ್ಯ ನಮ್ಮ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು. ಅವತ್ತೇ ಎಲ್ಲರಿಗೂ ತಿಳಿಸಿ ಆ ಕುಯ್ಯೋ ಸದ್ದು ನಿಲ್ಲಿಸಿದರು. ಆದರೆ ಬೆರಳಣ್ಣನಿಗೆ ತಿಳಿಸುವವರು ಯಾರು? ತನ್ನ ಸ್ಟೇಷನ್ ಮುಚ್ಚಿದೆ ಎಂದು ಎಲ್ಲರಿಗೂ ಹೇಳಿ ಹೋದವನನ್ನು ಆಮೇಲೆ ಯಾರೂ ಕೇಳಿರಲಿಲ್ಲ.

ಇವರು ಊಟ ಬಿಟ್ಟರು. ತಟ್ಟೆ ಮುಂದಿಟ್ಟರೆ, ‘ಸತ್ತವನಿಗೆ ಯಾತಕ್ಕೇ ಊಟ’ ಎನ್ನುವರು. ನನ್ನನ್ನು ಚುಚ್ಚಲು ಅಂದದ್ದಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಬೈದೆ, ಬೇಡಿಕೊಂಡೆ, ನಾನೂ ಉಪವಾಸ ಬೀಳುತ್ತೇನೆಂದು ಹೆದರಿಸಿದೆ. ಎರಡು ತುತ್ತು ತಿಂದು ಏಳುವರು. ಆರೂವರೆಗೆ ಮಾತ್ರ ಕೂರುವುದನ್ನು ಬಿಡಲಿಲ್ಲ. ಖಾಲಿ ಗಾಳಿಗೆ ಆ ಒಡಕು ಕೈಯಿಂದ ಹೆಸರು ಕಳಿಸುವುದು, ಕಾಯುವುದು, ಮತ್ತೆ ಕಳಿಸುವುದು. ಈಗ ನಾನು ಗೋಡೆಯಾಚೆ ಇರಲಿಲ್ಲ, ಬಾಗಿಲಲ್ಲೇ ಕೂತು ಅಂಗಿಗೆ ಕಾಜಾ ಹೊಲಿಯುತ್ತಿದ್ದೆ. ಆ ವಾರ ಒಂದು ಶಾಲೆಯ ಅಂಗಿಗಳೆಲ್ಲ ತಪ್ಪು ಬದಿಗೆ ಕಾಜಾ ಹಾಕಿಸಿಕೊಂಡು ವಾಪಸು ಬಂದವು.

ಇಪ್ಪತ್ತಾರನೆಯ ದಿನ, ಏಳಕ್ಕೆ ಹತ್ತು ನಿಮಿಷವಿತ್ತು. ಇವರು ಆಗಲೇ ಸ್ವಿಚ್ಚಿಗೆ ಕೈ ಚಾಚಿದ್ದರು.

ಬಂತು. ದೂರದಿಂದ, ಮಂದವಾಗಿ, ಇವರ ಕಾಲ್‌ಸೈನು. ‘ಕಾಗದ ಬಂತು. ಕಾಗದ ಯಾರು ಬೇಕಾದರೂ ಬರೆಯಬಹುದು. ಕೈ ತೋರಿಸು.’

ನಾನು ಹಾರಿಹೋಗಿ ಇವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ, ಅಲ್ಲಾಡದ ಹಾಗೆ.

‘ಬಿಡೇ’ ಎಂದರು.

‘ಹಿಡ್ಕೋತೀನ್ರೀ. ಮತ್ತೆ ಹೊರಟುಬಿಟ್ರೆ ಏನು ಗತಿ?’

‘ಬಿಡು. ಅವನು ಕೇಳಿದ್ದು ನನ್ನ ಕೈ.’

ಬಿಟ್ಟೆ. ಇವರು ಹೆಸರು ಕಳಿಸಿದರು. ಯಾವ ಅಕ್ಷರವೂ ಅಕ್ಷರದ ಹಾಗಿರಲಿಲ್ಲ. ಗೆರೆ ಒಡೆದು ಚುಕ್ಕೆಯಾಗುತ್ತಿತ್ತು, ಚುಕ್ಕೆ ಮರಿ ಹಾಕುತ್ತಿತ್ತು. ಆ ಕಡೆಯಿಂದ, ‘ಮತ್ತೊಮ್ಮೆ.’ ಕಳಿಸಿದರು. ‘ಮತ್ತೊಮ್ಮೆ.’ ಇವರ ಹಣೆಯ ಬೆವರು ಕೀ ಮೇಲೆ ತೊಟ್ಟಿಕ್ಕಿತು. ಮೂರನೆಯ ಸಲವೂ ಕಳಿಸಿದರು. ಗುಡ್ಡದ ಊರಲ್ಲಿ ಸ್ಪೀಕರಿನ ಮೇಲೆ ಬೆರಳಿಟ್ಟುಕೊಂಡು ಆ ಮುದುಕ ಏನು ಹುಡುಕುತ್ತಿದ್ದನೋ.

‘ಮೂರನೆಯ ಅಕ್ಷರ ಆದ ಮೇಲೆ ಈಗಲೂ ಚಹಾ ಕುಡಿಯುತ್ತೀಯಲ್ಲಾ’ ಎಂದ ಬೆರಳಣ್ಣ.

ಇವರು ಕೀ ಮೇಲೆ ತಲೆಯಿಟ್ಟುಬಿಟ್ಟರು. ಕೀ ಒತ್ತಿಕೊಂಡು ಉದ್ದದೊಂದು ಗೆರೆ ಗಾಳಿಗೆ ಹೋಯಿತು, ಅದರ ಅರ್ಥ ಯಾವ ಪಟ್ಟಿಯಲ್ಲೂ ಇಲ್ಲ. ನಾನು ಅವರ ತಲೆ ಎತ್ತಿ ಕೂರಿಸಿದೆ. ಅವತ್ತು ಹೆಚ್ಚು ಮಾತಾಗಲಿಲ್ಲ. ಮುಗಿಸುವಾಗ ಎರಡು ಚುಕ್ಕೆ ಹಾಕಬೇಕಿತ್ತು. ಕೈ ಎರಡಕ್ಕೆ ನಿಲ್ಲಲಿಲ್ಲ, ಏಳು ಹೋದವು. ಇವರು ನಾಚಿ ಕೈಯನ್ನು ತೊಡೆಯಡಿ ಸಿಕ್ಕಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಆ ಕಡೆಯಿಂದ ಚುಕ್ಕೆಗಳು ಬಂದವು. ಎರಡಲ್ಲ. ಏಳು. ಇವರದು ಎಲ್ಲೆಲ್ಲಿ ಮುಗ್ಗರಿಸಿತ್ತೋ ಅಲ್ಲಲ್ಲೇ ಮುಗ್ಗರಿಸಿಕೊಂಡು.

ಅದಾಗಿ ಎಂಟು ತಿಂಗಳು. ಕೈ ಸುಧಾರಿಸಿಲ್ಲ, ಸುಧಾರಿಸುವುದೂ ಇಲ್ಲ. ಈಗ ಮಾತು ತೀರಾ ಕಡಿಮೆ, ಇವರ ಹೆಸರು ದಾಟಿ ಒಂದೆರಡು ಪದ ಮುಟ್ಟಿದರೆ ಅದೇ ಹೆಚ್ಚು. ನನಗೂ ಒಂದಿಷ್ಟು ಕಳಿಸುವುದು ಬಂದಿದೆ, ಉಳಿದ ಸುದ್ದಿ ನಾನು ಹೇಳುತ್ತೇನೆ. ನ್ಯಾಯವಾಗಿ ಹಳೆಯ ಕೀಯಲ್ಲೇ. ಒಂದನೆಯ ಗುಂಡಿಯ ಮೇಲೆ ದಪ್ಪ ಬಟ್ಟೆಯ ಟೋಪಿ ಹೊಲಿದು ಕೂರಿಸಿದ್ದೇನೆ. ಅದನ್ನು ತೆಗೆಯಬೇಕಾದ ದಿನ ಯಾವುದೆಂದು ಈಗ ನನಗೆ ಗೊತ್ತು, ಲಕೋಟೆ ಬೇಕಾಗಿಲ್ಲ.

ಮುಗಿಸುವ ಚುಕ್ಕೆಗಳನ್ನು ಮಾತ್ರ ಇವರೇ ಹಾಕಬೇಕು. ನಾನು ದಿನವೂ ಎಣಿಸುತ್ತೇನೆ. ಎಂಟಾದ ದಿನ ಬೆರಳಣ್ಣ ಅದನ್ನು ತಪ್ಪಾಯಿತು ಎಂದು ಓದಲಿಲ್ಲ, ಎಂಟನ್ನೇ ತಿರುಗಿ ಕಳಿಸಿದ. ಕಳೆದ ತಿಂಗಳು ಹನ್ನೊಂದು ಇತ್ತು. ಇವತ್ತು ಬೆಳಿಗ್ಗೆ ಹದಿನಾಲ್ಕು. ನಾನು ಚಹಾ ಲೋಟ ಹಿಡಿದು, ಅರ್ಧ ಮಾತ್ರ ತುಂಬಿಸಿ, ಬಾಗಿಲಲ್ಲಿ ನಿಂತು ಕಾದೆ. ಆ ಕಡೆಯಿಂದಲೂ ಹದಿನಾಲ್ಕು ಬಂತು.